ನಲವತ್ತಮೂರು ಮುತ್ತಾತಂದಿರ ಹಡಗು

ಹನ್ನೆರಡನೇ ತರಗತಿಯ ಹೊಸ ಇಂಗ್ಲಿಷ್ ಪಠ್ಯಪುಸ್ತಕದ ಮೂರನೇ ಪಾಠ ‘ನಾನು ಯಾರು?’ ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ. ಪುಸ್ತಕದ ಕೊನೆಯಲ್ಲಿ ಉಳಿದೆಲ್ಲ ಪಾಠಗಳ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಾರೆ, ಇದಕ್ಕೆ ಮಾತ್ರ ಕೊಟ್ಟಿಲ್ಲ. ಹಾಳೆಗಳು ಅಂಟಿಕೊಂಡಿರಬಹುದು ಎಂದು ಉಗುರಿನಿಂದ ಬಿಡಿಸಿಯೂ ನೋಡಿದೆ.

ಉತ್ತರದ ಬದಲು ಶಿಕ್ಷಕರಿಗೆ ಒಂದು ಸೂಚನೆ ಇತ್ತು. ಶಿಕ್ಷಕರು ಮೊದಲು ತಮ್ಮ ಮನೆತನದ ವಿಶಿಷ್ಟ ಪದ್ಧತಿಯೊಂದನ್ನು ಹೇಳಬೇಕು. ಆಮೇಲೆ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಪದ್ಧತಿಯ ಬಗ್ಗೆ ಒಂದು ಪುಟ ಬರೆಯಬೇಕು. ಹೀಗೆ ಎಲ್ಲರೂ ತಮ್ಮ ಬೇರುಗಳನ್ನು ಕಂಡುಕೊಳ್ಳಬೇಕು. ನಲವತ್ತು ನಿಮಿಷದಲ್ಲಿ. ಹಾಜರಿ ಸೇರಿ.

ಬೇರೆ ವರ್ಷವಾಗಿದ್ದರೆ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಈ ಪಾಠವನ್ನು ದಾಟಿಸಿಬಿಡುತ್ತಿದ್ದೆ. ಆದರೆ ಈ ವರ್ಷ ಇಲಾಖೆಯ ತನಿಖಾಧಿಕಾರಿಗಳು ಬರುವವರಿದ್ದರು. ಹನ್ನೊಂದು ವರ್ಷದಿಂದ ನಾನು ಈ ಶಾಲೆಯ ತಾತ್ಕಾಲಿಕ ಇಂಗ್ಲಿಷ್ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ನನಗೆ ಸ್ವಂತ ಬೀರು ಇಲ್ಲ. ಭೂಗೋಳದವರ ಬೀರುವಿನ ಕೆಳಗಿನ ಖಾನೆ ನನ್ನದು, ಅದರಲ್ಲೂ ಅರ್ಧ ಜಾಗದಲ್ಲಿ ಒಡೆದ ಗ್ಲೋಬು ಕೂತಿದೆ. ತನಿಖಾಧಿಕಾರಿಗಳು ನನ್ನ ಪಾಠ ನೋಡಿ ‘ತೃಪ್ತಿಕರ’ ಎಂದು ಬರೆದರೆ ನಾನು ಕಾಯಂ. ಬರೆಯದಿದ್ದರೆ ಇನ್ನೊಂದು ವರ್ಷ ಗ್ಲೋಬಿನ ಜೊತೆ ಸಂಸಾರ.

“ಸೋಮವಾರ ಬರ್ತಾರಂತೆ,” ಅಂದರು ಹೆಡ್ ಮೇಡಂ. “ಮೂರನೇ ಪಾಠಾನೇ ನೋಡ್ಬೇಕಂತೆ. ಸಂಸ್ಕೃತಿ ಅಂದ್ರೆ ಪ್ರಾಣ ಬಿಡ್ತಾರೆ ಅವರು. ನಿಮ್ಮನೇಲಿ ಏನಾದ್ರೂ ಇದ್ಯಾ ಮೇಷ್ಟ್ರೇ?”

“ಏನು ಮೇಡಂ?”

“ಸಂಸ್ಕೃತಿ.”

“ಹುಡುಕ್ತೀನಿ ಮೇಡಂ,” ಅಂದೆ.

ಸಂಜೆ ಮನೆಗೆ ಹೋಗಿ ಹುಡುಕಿದೆ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ನಮ್ಮ ಮನೆಯ ವಿಶಿಷ್ಟ ಪದ್ಧತಿ ಯಾವುದು ಎಂದು ಕೇಳಿದೆ.

“ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕೋದು,” ಅಂದಳು.

“ಅದು ಪದ್ಧತಿ ಅಲ್ಲ ಕಣೇ.”

“ಹದಿನಾಲ್ಕು ವರ್ಷದಲ್ಲಿ ಒಂದು ದಿನಾನೂ ತಪ್ಪಿಸಿಲ್ಲ ನೀವು. ಪದ್ಧತಿಗೆ ಇನ್ನೇನು ಬೇಕು?”

ಅಮ್ಮನಿಗೆ ಫೋನ್ ಮಾಡಿದೆ. “ಅಮ್ಮಾ, ನಮ್ಮ ವಂಶದಲ್ಲಿ ತಲೆತಲಾಂತರದಿಂದ ನಡೆದುಕೊಂಡು ಬಂದಿರೋದು ಏನಾದರೂ ಇದೆಯಾ?”

“ಇದೆ ಕಣೋ, ಮೂಲವ್ಯಾಧಿ,” ಅಂದಳು ಅಮ್ಮ. “ನಿಮ್ಮಜ್ಜನಿಗಿತ್ತು, ನಿಮ್ಮಪ್ಪನಿಗಿತ್ತು. ಯಾಕೆ, ನಿನಗೂ ಶುರುವಾಯ್ತಾ?”

ಬೇರುಗಳ ಶೋಧನೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಮಾರನೆಯ ದಿನ ಗುರುವಾರ, ಎರಡನೇ ಪೀರಿಯಡ್. ಪಾಠವನ್ನು ಪದಗಳ ಅರ್ಥದಲ್ಲೇ ಸುತ್ತಿಸಿ ಗಂಟೆ ಹೊಡೆಸಿಬಿಡೋಣ ಎಂದುಕೊಂಡಿದ್ದೆ. ಮುಂದಿನ ಬೆಂಚಿನಲ್ಲಿ ಕ್ಲಾಸ್ ಲೀಡರ್ ಎದ್ದು ನಿಂತಳು. ಇವಳು ನಮ್ಮ ಪಕ್ಕದ ಮನೆಯ ನಿವೃತ್ತ ಓವರ್ಸಿಯರ್ ಅವರ ಮೊಮ್ಮಗಳು. ಪುಸ್ತಕದಲ್ಲಿ ಇರುವುದನ್ನೆಲ್ಲ ಓದುವ ಕೆಟ್ಟ ಅಭ್ಯಾಸ ಅವಳಿಗೆ.

“ಸಾರ್, ಮೊದಲು ನೀವು ನಿಮ್ಮ ಮನೇದು ಹೇಳ್ಬೇಕಂತೆ. ಇಲ್ಲಿ ಹಾಕಿದ್ದಾರೆ.”

ನಲವತ್ತಮೂರು ಜೊತೆ ಕಣ್ಣುಗಳು ನನ್ನ ಮೇಲೆ. ಆ ಬೆಳಿಗ್ಗೆ ಮನೆಯಿಂದ ಹೊರಟಾಗ ನಡೆದದ್ದು ನೆನಪಾಯಿತು. ನಾನು ಬಾಗಿಲು ದಾಟಿದ್ದೆ, ಹೆಂಡತಿಯ ಮಾತು ಮುಗಿದಿರಲಿಲ್ಲ. ಅವಳ ಮಾತಿನ ನಡುವೆ ಬೆನ್ನು ತಿರುಗಿಸುವ ಧೈರ್ಯ ನನಗಿಲ್ಲವಾದ್ದರಿಂದ ‘ಹೂಂ, ಹೂಂ’ ಎನ್ನುತ್ತ ಗೇಟಿನವರೆಗೆ ಮೂರು ಹೆಜ್ಜೆ ಹಿಂದಹಿಂದಕ್ಕೆ ನಡೆದಿದ್ದೆ.

“ನಮ್ಮ ಮನೆಯಲ್ಲಿ,” ಎಂದು ಶುರುಮಾಡಿದೆ, “ಹೊರಗೆ ಹೊರಟವರು ಮನೆಗೆ ಬೆನ್ನು ತೋರಿಸೋದಿಲ್ಲ. ಬಾಗಿಲು ದಾಟಿದ ಮೇಲೆ ಮನೆ ಕಡೆ ಮುಖ ಮಾಡಿ ಮೂರು ಹೆಜ್ಜೆ ಹಿಂದಕ್ಕೆ ನಡೀತೀವಿ. ಆಮೇಲೇ ತಿರುಗೋದು.”

ತರಗತಿ ನಿಶ್ಶಬ್ದವಾಯಿತು. ಹನ್ನೊಂದು ವರ್ಷದಲ್ಲಿ ನನ್ನ ತರಗತಿ ಹೀಗೆ ಸುಮ್ಮನಾದದ್ದು ನಾನು ಕಂಡಿರಲಿಲ್ಲ. ನನ್ನನ್ನು ಹಾಳುಮಾಡಿದ್ದು ಆ ನಿಶ್ಶಬ್ದ.

“ಯಾಕೆ ಸಾರ್?” ಯಾರೋ ಮೆಲ್ಲಗೆ ಕೇಳಿದರು.

“ನನ್ನ ಮುತ್ತಾತ ಹಡಗಿನಲ್ಲಿ ಅಡುಗೆಯವನಾಗಿದ್ದ,” ಅಂದೆ. ಅವನು ಏನಾಗಿದ್ದನೋ ನನಗೆ ತಿಳಿಯದು. “ತಿರುಗಿ ನೋಡದೆ ಮನೆ ಬಿಟ್ಟು ಹೋದ. ನಡುಸಮುದ್ರದಲ್ಲಿ ಒಂದು ದಿನ, ತನ್ನ ಮನೆಯ ಬಾಗಿಲು ಯಾವ ಬಣ್ಣದ್ದು ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ವಾಪಸ್ ಬಂದವನು ಈ ಪದ್ಧತಿ ಮಾಡಿದ.”

ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಮೂಗು ಒರೆಸಿಕೊಂಡಳು. ಅಷ್ಟಕ್ಕೆ ಬಿಡಬೇಕಿತ್ತು. ನಾನು ಸೀಮೆಸುಣ್ಣ ತೆಗೆದುಕೊಂಡು ಅದನ್ನೇ ಹನ್ನೆರಡು ಇಂಗ್ಲಿಷ್ ವಾಕ್ಯಗಳಲ್ಲಿ ಬೋರ್ಡಿನ ಮೇಲೆ ಬರೆದೆ. ಮೇಲೆ ‘ಮಾದರಿ’ ಎಂದು ಹಾಕಿ ಎರಡು ಗೆರೆ ಎಳೆದೆ.

“ಇದು ಬರೀ ಮಾದರಿ. ನೀವು ನಿಮ್ಮ ನಿಮ್ಮ ಮನೇದು ಬರೀಬೇಕು,” ಅಂದೆ.

ನಮ್ಮ ಶಾಲೆಯ ಕೆಲಸದ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಬೋರ್ಡಿನ ಮೇಲಿದ್ದದ್ದು ನೋಟ್‌ಬುಕ್ಕಿಗೆ ಹೋಗುತ್ತದೆ, ನೋಟ್‌ಬುಕ್ಕಿನಲ್ಲಿದ್ದದ್ದು ಉತ್ತರಪತ್ರಿಕೆಗೆ ಹೋಗುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಈ ಶಿಸ್ತನ್ನು ಕಲಿಸಿದವನು ನಾನೇ. ನೂರಕ್ಕೆ ತೊಂಬತ್ತೇಳು ಮಂದಿ ಪಾಸಾಗುತ್ತಿರುವುದು ಇದರಿಂದಲೇ.

ಶುಕ್ರವಾರ ನಲವತ್ತಮೂರು ನೋಟ್‌ಬುಕ್ ಬಂದವು. ನಲವತ್ತಮೂರು ಮನೆಗಳಲ್ಲಿ ಜನ ಮೂರು ಹೆಜ್ಜೆ ಹಿಂದಕ್ಕೆ ನಡೆಯುತ್ತಿದ್ದರು. ನಲವತ್ತಮೂರು ಮುತ್ತಾತಂದಿರು ಹಡಗಿನಲ್ಲಿ ಅಡುಗೆಯವರಾಗಿದ್ದರು. ಅವರಲ್ಲಿ ಒಬ್ಬನಿಗೂ ತನ್ನ ಬಾಗಿಲಿನ ಬಣ್ಣ ನೆನಪಿರಲಿಲ್ಲ.

ಬೈಯುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಸೋಮವಾರ ಬರಬೇಕಿದ್ದ ತನಿಖಾಧಿಕಾರಿಗಳು, ಹೆಡ್ ಮೇಡಂ ಸಮೇತ, ಬಾಗಿಲಲ್ಲಿ ನಿಂತಿದ್ದರು.

ಸಣ್ಣ ಆಳು, ದೊಡ್ಡ ಕನ್ನಡಕ. ನನ್ನ ಕುರ್ಚಿಯಲ್ಲಿ ಕೂತು ಮೇಲಿನ ನೋಟ್‌ಬುಕ್ ತೆಗೆದು ಓದಿದರು. ಎರಡನೆಯದು ಓದಿದರು. ಆರನೆಯದಕ್ಕೆ ಬರುವ ಹೊತ್ತಿಗೆ ಕುರ್ಚಿಯ ಅಂಚಿಗೆ ಸರಿದಿದ್ದರು.

“ಮೇಷ್ಟ್ರೇ, ನೇರವಾಗಿ ಕೇಳ್ತೀನಿ. ಇವರು ಒಬ್ಬರದೊಬ್ಬರು ನೋಡಿ ಬರೆದಿದ್ದಾರಾ? ಹಂಗಿದ್ರೆ ಈಗಲೇ ಹೇಳಿಬಿಡಿ. ಕಾಪಿ ಹೊಡೆಯೋ ತರಗತಿಯ ಮೇಷ್ಟ್ರನ್ನ ಕಾಯಂ ಮಾಡೋಕೆ ನಿಯಮದಲ್ಲಿ ಅವಕಾಶ ಇಲ್ಲ.”

ಹೆಡ್ ಮೇಡಂ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದರು.

“ಇಲ್ಲ ಸಾರ್,” ಅಂದೆ. “ಇದು ಈ ಬಡಾವಣೆಯ ಪದ್ಧತಿ.”

“ಎಲ್ಲರ ಮುತ್ತಾತಂದಿರೂ ಹಡಗಿನ ಅಡುಗೆಯವರಾ?”

“ಒಂದೇ ಹಡಗು ಸಾರ್.”

“ನಲವತ್ತಮೂರು ಜನ ಅಡುಗೆಯವರು ಬೇಕಾದ್ರೆ ಅದೆಂಥ ಹಡಗಿರಬೇಕು?”

“ದೊಡ್ಡದೇ ಸಾರ್. ಊಟದ ವಿಷಯದಲ್ಲಿ ಬಹಳ ಗಮನ ಇಟ್ಟಿದ್ದರಂತೆ.”

ಅವರು ಕ್ಲಾಸ್ ಲೀಡರ್ ಕಡೆ ತಿರುಗಿದರು. “ಹೌದಾ ಮಗು?”

ಅವಳು ಎದ್ದು ಹಿಂದಿನ ದಿನ ಬೋರ್ಡಿನಲ್ಲಿದ್ದ ಹನ್ನೆರಡು ವಾಕ್ಯಗಳನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ ಕೂತಳು. ತನಿಖಾಧಿಕಾರಿಗಳು ಕನ್ನಡಕ ತೆಗೆದು ಒರೆಸಿದರು, ಆಮೇಲೆ ಕಣ್ಣನ್ನೂ ಒರೆಸಿದರು.

“ಮೂವತ್ತು ವರ್ಷ ಈ ಕೆಲಸ ಮಾಡಿದೆ ಮೇಷ್ಟ್ರೇ. ಎಲ್ಲಿಗೆ ಹೋದರೂ ಮಕ್ಕಳು ‘ನಾವು ಎಲ್ಲರೂ ಒಟ್ಟಿಗೆ ಟಿವಿ ನೋಡುತ್ತೇವೆ’ ಅಂತಲೇ ಬರೆಯೋದು. ಇಂಥದ್ದು ಒಂದು ಸಿಗಲಿ ಅಂತ ಕಾಯ್ತಿದ್ದೆ. ಭಾನುವಾರ ಸಂಜೆ ನಿಮ್ಮ ಬೀದಿಗೆ ಬರ್ತೀನಿ. ಒಂದು ಕುರ್ಚಿ ಹಾಕಿಸಿ ಸಾಕು. ಜನ ಮನೆಯಿಂದ ಹೊರಡೋದನ್ನ ನಾನು ಕಣ್ಣಾರೆ ನೋಡ್ಬೇಕು. ನೋಡಿ, ಅಲ್ಲೇ ವರದಿ ಬರೆದು, ನಿಮ್ಮ ಕೆಲಸಾನೂ ಮುಗಿಸಿಕೊಡ್ತೀನಿ.”

ಶನಿವಾರ ಬೀದಿಯ ಮನೆಮನೆಗೆ ಹೋದೆ. ಹೆಚ್ಚಿನ ಮಕ್ಕಳ ಮನೆಗಳು ಅಲ್ಲೇ. ಮೊದಲು ಎದುರುಮನೆಯ ಟೈಲರ್. ಅವನ ಮಗ ಹಿಂದಿನ ಬೆಂಚು.

“ನಮ್ಮ ಮುತ್ತಾತ ಸಮುದ್ರ ಕಂಡವನೇ ಅಲ್ಲ ಮೇಷ್ಟ್ರೇ,” ಅಂದ ಟೈಲರ್, ಬಾಯಲ್ಲಿದ್ದ ಗುಂಡುಪಿನ್ನುಗಳ ಸಂದಿಯಿಂದ. “ಕತ್ತರಿ ಬಿಟ್ಟು ಬೇರೆ ಏನೂ ಹಿಡಿದವನಲ್ಲ.”

“ಒಂದು ಸಂಜೆ ಮಟ್ಟಿಗೆ ಹಡಗಿನಲ್ಲಿದ್ದ ಅಂದುಕೊಳ್ಳಿ.”

“ಅಂದುಕೊಂಡೆ. ಆದರೆ ನಮ್ಮ ಬಾಗಿಲಿಂದ ಸರಿಯಾಗಿ ಮೂರು ಹೆಜ್ಜೆಗೆ ಚರಂಡಿ ಇದೆಯಲ್ಲ?”

“ಚಿಕ್ಕ ಹೆಜ್ಜೆ ಇಡಿ.”

ಅವನು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದ. “ಮಗ ಪಾಸಾಗ್ತಾನಾ?”

“ಆಗ್ತಾನೆ.”

“ಹಂಗಾದ್ರೆ ಶಾಲೆವರೆಗೂ ಹಿಂದಕ್ಕೇ ನಡೀತೀನಿ, ಹೇಳಿ.”

ಸ್ಟೇಷನರಿ ಅಂಗಡಿಯ ಅಮ್ಮಾವ್ರು ತಮ್ಮ ನಾಯಿಯೂ ನಡೆಯಬೇಕೇ ಎಂದು ಕೇಳಿದರು. ನಾಯಿಗೆ ವಿನಾಯಿತಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಒಪ್ಪಿತ್ತು, ನನ್ನ ಮನೆಯೊಂದನ್ನು ಬಿಟ್ಟು.

“ಸುಳ್ಳು ಹೇಳಿದ್ದು ನೀವು, ಹಿಂದಕ್ಕೆ ನಡೆಯೋದು ನಾನಾ?” ಅಂದಳು ಹೆಂಡತಿ.

“ಕಾಯಂ ಆಗ್ತೀನಿ ಕಣೇ.”

“ಹನ್ನೊಂದು ವರ್ಷದಿಂದ ಆಗ್ತಾನೇ ಇದ್ದೀರಿ. ಬಾಗಿಲಲ್ಲಿ ನಿಂತುಕೊಳ್ತೀನಿ, ಅಷ್ಟೇ. ಕಾಲು ಎತ್ತೋದಿಲ್ಲ.”

ಅಷ್ಟರಲ್ಲಿ ಅಮ್ಮನ ಫೋನು. ಸುದ್ದಿ ಯಾವ ದಾರಿಯಿಂದ ಅವಳಿಗೆ ಹೋಯಿತೋ. “ಏನೋ, ಮೂರು ಹೆಜ್ಜೆ ವಿಷಯ ಊರಿಗೆಲ್ಲ ಹೇಳಿಕೊಂಡು ಬಂದಿದ್ದೀಯಂತೆ? ಮನೆ ವಿಷಯ ಹೊರಗೆ ಹೇಳ್ತಾರೇನೋ?”

“ಅಮ್ಮಾ, ಅದು ನಾನು ಕಟ್ಟಿದ ಕಥೆ.”

“ನೀನು ಕಟ್ಟೋಕೆ ನಿನಗೇನು ಗೊತ್ತು? ಮುತ್ತಾತ ಹಂಗೇ ನಡೀತಿದ್ದರು. ನಾನು ನೋಡಿದ್ದೀನಿ.”

“ಮುತ್ತಾತ ಹೋದಾಗ ನೀನು ಹುಟ್ಟೇ ಇರಲಿಲ್ಲ.”

“ಹುಟ್ಟದೇ ಇದ್ರೆ ಏನಾಯ್ತು? ಮನೆತನದ ವಿಷಯ ಗೊತ್ತಿರಲ್ವಾ?” ಎಂದು ಫೋನ್ ಇಟ್ಟಳು.

ಸಂಜೆ ಪಕ್ಕದ ಮನೆಯ ಓವರ್ಸಿಯರ್ ಬಂದರು. ಕೈಯಲ್ಲಿ ಮೊಮ್ಮಗಳ ನೋಟ್‌ಬುಕ್ಕು. ಎಪ್ಪತ್ತೆರಡು ವರ್ಷ, ಬೆನ್ನು ಗೋಡೆಯ ಹಾಗೆ ನೆಟ್ಟಗೆ. ಕೂರಿ ಅಂದರೂ ಕೂರಲಿಲ್ಲ.

“ನಮ್ಮನೆ ವಿಷಯ ನಿಮಗೆ ಯಾರು ಹೇಳಿದ್ದು ಮೇಷ್ಟ್ರೇ?”

“ನಿಮ್ಮನೆ ವಿಷಯಾನಾ?”

“ಹಿಂದಕ್ಕೆ ನಡೆಯೋದು. ಮೂವತ್ತೈದು ವರ್ಷ ರಸ್ತೆ ಅಳೆದವನು ನಾನು. ಅಳತೆಯ ಟೇಪಿನ ಒಂದು ತುದಿ ಆಳಿನ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿದು ಹಿಂದಕ್ಕೆ ನಡೀಬೇಕು. ತಿರುಗಿ ನೋಡಿದ್ರೆ ಟೇಪು ಸಡಿಲ ಆಗುತ್ತೆ, ಅಳತೆ ಕೆಡುತ್ತೆ. ನಮ್ಮಪ್ಪನೂ ಟೇಪು ಹಿಡಿದವರು, ಅವರಪ್ಪನೂ ಟೇಪು ಹಿಡಿದವರು. ಈ ಬೀದೀಲಿ ಹಿಂದಕ್ಕೆ ನಡೆಯೋ ವಂಶ ಅಂತ ಇದ್ರೆ ಅದು ನಮ್ಮದು.”

“ಒಳ್ಳೇದಾಯ್ತಲ್ಲ ಸಾರ್, ಹಾಗಾದ್ರೆ ನಾಳೆ ನೀವೂ...”

“ಮೂರು ಅಂತ ಬರೆಸಿದ್ದೀರಿ,” ಎಂದು ನೋಟ್‌ಬುಕ್ಕನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ಮೂರಲ್ಲ, ನಾಲ್ಕು.”

“ನಾಳೆ ಒಂದು ದಿನ ಮೂರೇ ಇಟ್ಟುಬಿಡಿ ಸಾರ್, ನನ್ನ ಕೆಲಸದ ಪ್ರಶ್ನೆ.”

“ನಿಮ್ಮ ಕೆಲಸಕ್ಕೋಸ್ಕರ ನಮ್ಮಪ್ಪನ ಒಂದು ಹೆಜ್ಜೆ ಕಡಿಮೆ ಮಾಡ್ಲಾ?” ಎಂದು ಹೊರಟುಹೋದರು. ಹೊರಟದ್ದು ಮಾತ್ರ ಮುಖ ಮುಂದೆ ಮಾಡಿಕೊಂಡೇ. ಆದರೆ ಅದನ್ನು ಎತ್ತಿ ತೋರಿಸುವ ಸಮಯ ಅದಾಗಿರಲಿಲ್ಲ.

ಭಾನುವಾರ ಸಂಜೆ ಐದಕ್ಕೆ ತನಿಖಾಧಿಕಾರಿಗಳು ನಮ್ಮ ಗೇಟಿನ ಹೊರಗೆ, ಬೀದಿ ಕಾಣುವಂತೆ ಹಾಕಿದ್ದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ವರದಿಯ ಫಾರಂ ಇಟ್ಟುಕೊಂಡರು. ಪಕ್ಕದಲ್ಲಿ ಹೆಡ್ ಮೇಡಂ. ಬಾಗಿಲುಗಳು ಒಂದೊಂದಾಗಿ ತೆರೆದವು. ಜನ ಹೊರಬಂದರು, ತಿರುಗಿದರು, ಒಂದು ಎರಡು ಮೂರು ಹಿಂದಕ್ಕೆ ಇಟ್ಟರು. ನನ್ನ ಎದೆ ಸ್ವಲ್ಪ ಹಗುರವಾಯಿತು.

ಆದರೆ ಯಾರಿಗೂ ಹೋಗಲು ಜಾಗವಿರಲಿಲ್ಲ, ಭಾನುವಾರ ಸಂಜೆ ಯಾರು ಎಲ್ಲಿಗೆ ಹೋಗುತ್ತಾರೆ? ಹೊರಬಂದವರು ಮನೆ ಸುತ್ತಿ ಹಿಂಬಾಗಿಲಿಂದ ಒಳಗೆ ಹೋಗಿ ಮತ್ತೆ ಮುಂಬಾಗಿಲಿಂದ ಹೊರಡತೊಡಗಿದರು. ಟೈಲರ್ ಐದನೇ ಸಲ ಹೊರಬಂದಾಗ ತನಿಖಾಧಿಕಾರಿಗಳು ಪೆನ್ನು ನಿಲ್ಲಿಸಿದರು.

“ಇವರು ಮತ್ತೆ ಎಲ್ಲಿಗೆ ಹೊರಟರು?”

“ಟೈಲರ್ ಸಾರ್. ಓಡಾಟ ಜಾಸ್ತಿ.”

ಬೀದಿಯ ಆ ತುದಿಯಲ್ಲಿ ಸ್ಟೇಷನರಿ ಅಮ್ಮಾವ್ರೂ ಅವರ ಎದುರುಮನೆಯವರೂ ಒಂದೇ ಗಳಿಗೆಗೆ ಹೊರಟು, ಉತ್ಸಾಹದಲ್ಲಿ ಮೂರರ ಲೆಕ್ಕ ತಪ್ಪಿ, ನಡುಬೀದಿಯಲ್ಲಿ ಬೆನ್ನಿಗೆ ಬೆನ್ನು ಹೊಡೆದುಕೊಂಡರು. ವಿನಾಯಿತಿ ಪಡೆದ ನಾಯಿ ಇಬ್ಬರನ್ನೂ ನೋಡಿ ಬೊಗಳಿತು. “ಎಷ್ಟು ಸಹಜವಾಗಿದೆ,” ಎಂದು ತನಿಖಾಧಿಕಾರಿಗಳು ಬರೆದುಕೊಂಡರು.

ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಓವರ್ಸಿಯರ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಬಾಗಿಲಿಗೆ ಮುಖ ಮಾಡಿ ನಿಂತು ಒಂದು ಸಲ ಉಸಿರೆಳೆದುಕೊಂಡರು. ಆಮೇಲೆ ನಡೆದರು. ಕತ್ತು ಅಲುಗಲಿಲ್ಲ. ಹೆಜ್ಜೆಯಿಂದ ಹೆಜ್ಜೆಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಎರಡೂ ಪಾದ ಕೂಡಿಸಿ ನಿಂತರು. ಬೀದಿ ಉಸಿರು ಹಿಡಿದು ನೋಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಮೈ ಜುಮ್ಮೆಂದಿತು.

ತನಿಖಾಧಿಕಾರಿಗಳು ಎದ್ದು ನಿಂತರು. “ನಾಲ್ಕಾ?”

“ನಾಲ್ಕೇ,” ಅಂದರು ಓವರ್ಸಿಯರ್. “ಮೂರು ಅನ್ನೋದು ಈಚೆಗೆ ಬಂದವರು ಮಾಡಿಕೊಂಡದ್ದು.” ನನ್ನನ್ನು ನೋಡಿದರು. ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ಅಲ್ಲಿಂದ ಮುಂದೆ ಬೀದಿಯಲ್ಲಿ ಮೂರಕ್ಕೆ ನಿಂತವರು ಯಾರೂ ಇಲ್ಲ. ಟೈಲರ್ ಆರನೇ ಸಲ ಹೊರಬಂದ. ಮೂರು ಚಿಕ್ಕ ಹೆಜ್ಜೆ ಇಟ್ಟ. ಒಂದು ಕ್ಷಣ ಯೋಚಿಸಿದ. ನಾಲ್ಕನೆಯದನ್ನು ಚರಂಡಿಯೊಳಗೆ ಇಟ್ಟು, ಮೊಣಕಾಲಿನವರೆಗೆ ಇಳಿದು, ಅಲ್ಲಿಂದಲೇ ಕೈಯೆತ್ತಿ ತೋರಿಸಿದ. “ನಾಲ್ಕು ಸಾರ್.”

“ಮೇಷ್ಟ್ರೇ, ಈಗ ನಿಮ್ಮ ಮನೆಯದು,” ಅಂದರು ತನಿಖಾಧಿಕಾರಿಗಳು.

ನಾನು ಒಳಗೆ ಹೋಗಿ ಹೊರಬಂದೆ. ಹೆಂಡತಿ ಮಾತು ಕೊಟ್ಟಂತೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಹಿಂದಕ್ಕೆ ಒಂದು ಇಟ್ಟೆ, ಎರಡು ಇಟ್ಟೆ, ಮೂರು ಇಟ್ಟೆ, ತೆರೆದ ಗೇಟಿನಲ್ಲಿದ್ದೆ. ಅಲ್ಲಿಗೇ ನಿಂತರೆ ನಾನು ಈಚೆಗೆ ಬಂದವನು. ನಾಲ್ಕನೆಯದು ಇಟ್ಟರೆ ನನ್ನ ಬೋರ್ಡು ಸುಳ್ಳು, ನಲವತ್ತಮೂರು ನೋಟ್‌ಬುಕ್ಕು ಸುಳ್ಳು. ಒಂದು ಕಾಲನ್ನು ಗಾಳಿಯಲ್ಲಿ ಎತ್ತಿಕೊಂಡು ಎಷ್ಟು ಹೊತ್ತು ನಿಂತೆನೋ.

“ಇಡಿ, ಇಲ್ಲಾ ಬಿಡಿ,” ಅಂದಳು ಹೆಂಡತಿ.

ಇಟ್ಟೆ. ಹಿಂದೆ ತನಿಖಾಧಿಕಾರಿಗಳು ಎದ್ದುಬಿಟ್ಟಿದ್ದ ಕುರ್ಚಿ ಇತ್ತು. ನಾನೂ ಕುರ್ಚಿಯೂ ಒಟ್ಟಿಗೆ ಮಗುಚಿಕೊಂಡೆವು.

ನೆಲದ ಮೇಲೆ ಬಿದ್ದಿದ್ದಾಗ ನನಗೆ ಸಾಕುಸಾಕಾಗಿಹೋಯಿತು. ಕೆಲಸ ಹೋದರೆ ಹೋಗಲಿ. “ಸಾರ್,” ಅಂದೆ, ಮಲಗಿದ್ದಲ್ಲಿಂದಲೇ, “ಇದೆಲ್ಲ ಸುಳ್ಳು. ಮೂರೂ ಇಲ್ಲ, ನಾಲ್ಕೂ ಇಲ್ಲ. ಹಡಗೇ ಇಲ್ಲ. ಗುರುವಾರ ಎರಡನೇ ಪೀರಿಯಡ್‌ನಲ್ಲಿ ನಾನೇ ಕಟ್ಟಿದ ಕಥೆ ಇದು. ಮಕ್ಕಳು ಬೋರ್ಡು ನೋಡಿ ಬರೆದಿದ್ದಾರೆ.”

ಬೀದಿಯಲ್ಲಿ ಗುಸುಗುಸು ಎದ್ದಿತು. ಸ್ಟೇಷನರಿ ಅಮ್ಮಾವ್ರು ಕೆಂಪಾದರು. “ನಮ್ಮ ಹಿರಿಯರ ವಿಷಯ ನೀವು ಕಟ್ಟಿದ್ದಾ?”

“ನಮ್ಮ ಮುತ್ತಾತನ ಬಗ್ಗೆ ಸ್ವಲ್ಪ ಹುಷಾರಾಗಿ ಮಾತಾಡಿ ಮೇಷ್ಟ್ರೇ,” ಅಂದ ಟೈಲರ್ ಚರಂಡಿಯಿಂದ. “ಅವನು ಸಮುದ್ರದಲ್ಲಿ ಎಷ್ಟು ಕಷ್ಟಪಟ್ಟವನು ಗೊತ್ತಾ?”

“ನಿನ್ನೆ ತಾನೆ ಸಮುದ್ರ ಕಂಡವನೇ ಅಲ್ಲ ಅಂದಿರಿ.”

“ಅದು ಮನೆ ವಿಷಯ. ಎಲ್ಲರ ಮುಂದೆ ಹೇಳೋಕಾಗುತ್ತಾ?”

ತನಿಖಾಧಿಕಾರಿಗಳು ಬಗ್ಗಿ, ನನ್ನ ಕೈ ಹಿಡಿದು ಎಬ್ಬಿಸಿ, ಬೆನ್ನಿನ ಮಣ್ಣು ಕೊಡವಿದರು. “ಬೇಜಾರು ಮಾಡ್ಕೋಬೇಡಿ,” ಅಂದರು ಮೃದುವಾಗಿ. “ನಾನು ಇಂಥವರ ಬಗ್ಗೆ ಓದಿದ್ದೀನಿ. ಯಾವುದೇ ಹಳೇ ಪದ್ಧತಿ ಇರಲಿ, ಇದು ನಾನೇ ಮಾಡಿದ್ದು ಅಂತ ಯಾರಾದ್ರೂ ಒಬ್ಬರು ಎದ್ದು ಬರ್ತಾರೆ.”

ಹತ್ತು ದಿನಕ್ಕೆ ವರದಿಯ ಪ್ರತಿ ಬಂತು. ಹೆಡ್ ಮೇಡಂ ಬಾಗಿಲು ಹಾಕಿಕೊಂಡು ಓದಿ ಹೇಳಿದರು. “ವಿದ್ಯಾರ್ಥಿಗಳ ಬರಹ ಅತ್ಯುತ್ತಮ. ಶಿಕ್ಷಕರು ಸ್ಥಳೀಯ ಸಂಸ್ಕೃತಿಯನ್ನು ಅರ್ಧಂಬರ್ಧ ತಿಳಿದು, ನಾಲ್ಕು ಹೆಜ್ಜೆಯ ಬದಲು ಮೂರು ಎಂದು ಕಲಿಸಿರುತ್ತಾರೆ. ಅಲ್ಲದೆ ಸದರಿ ಆಚರಣೆ ತಮ್ಮದೇ ಎಂದು ಸಾರ್ವಜನಿಕವಾಗಿ ಹಕ್ಕು ಸಾಧಿಸಲು ಯತ್ನಿಸಿರುತ್ತಾರೆ. ಇವರನ್ನು ಇನ್ನೊಂದು ವರ್ಷ ತಾತ್ಕಾಲಿಕವಾಗಿ ಮುಂದುವರಿಸಬಹುದು. ಈ ಅವಧಿಯಲ್ಲಿ ನೆರೆಮನೆಯ ನಿವೃತ್ತ ಓವರ್ಸಿಯರ್ ಅವರ ಬಳಿ ಅಭ್ಯಾಸ ಮಾಡಿ, ಅವರಿಂದ ಪ್ರಮಾಣಪತ್ರ ಪಡೆದು ಸಲ್ಲಿಸತಕ್ಕದ್ದು.”

“ಪ್ರಮಾಣಪತ್ರ ಕೊಟ್ರೆ ಮುಂದಿನ ವರ್ಷ ಗ್ಯಾರಂಟಿ ಮೇಷ್ಟ್ರೇ,” ಅಂದರು ಹೆಡ್ ಮೇಡಂ. “ಅವರ ಹತ್ತಿರ ಸ್ವಲ್ಪ ವಿನಯದಿಂದ ಇರಿ.”

ಈಗ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ನಾನು ಪಕ್ಕದ ಮನೆಯ ಅಂಗಳದಲ್ಲಿರುತ್ತೇನೆ. ಓವರ್ಸಿಯರ್ ನೆಲದ ಮೇಲೆ ಸುಣ್ಣದ ಗೆರೆ ಎಳೆದಿರುತ್ತಾರೆ. ಮಂಡಿ ಬಗ್ಗಬಾರದು, ಹಿಮ್ಮಡಿ ಮೊದಲು ಊರಬಾರದು, ಎಣಿಸುವಾಗ ತುಟಿ ಅಲುಗಬಾರದು. ಮೊದಲ ತಿಂಗಳ ಕೊನೆಗೆ ಅವರು ಇಟ್ಟ ಪರೀಕ್ಷೆಯಲ್ಲಿ ನಾನು ಗೆರೆ ಬಿಟ್ಟು ಒಂದೂವರೆ ಅಡಿ ಆಚೆ ಹೋಗಿ ಪುಣ್ಯಕ್ಕೆ ತುಳಸಿಯಲ್ಲದ ಯಾವುದೋ ಗಿಡದ ಕುಂಡದಲ್ಲಿ ಕಾಲಿಟ್ಟೆ. ಅವರು ಕುಂಡ ನೆಟ್ಟಗೆ ನಿಲ್ಲಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟರು.

“ನಿಮ್ಮ ತಪ್ಪಲ್ಲ ಬಿಡಿ ಮೇಷ್ಟ್ರೇ,” ಅಂದರು. “ಇಂಥದ್ದೆಲ್ಲ ಕಲಿತು ಬರೋದಲ್ಲ. ರಕ್ತದಲ್ಲಿರಬೇಕು.”